ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: 30ರಿಂದ 80 ಅಂದರೆ ಎಷ್ಟು ಬಿಗಿ?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಗುರಿ ಹೊಡೆಯುವ ಕ್ಲಬ್ ಒಂದಕ್ಕೆ ಸೇರಿದ್ದಾನೆ. ಅವನ ಎಆರ್-15 ರೈಫಲ್‌ನ ಬ್ಯಾರೆಲ್ ಸವೆದಿದೆಯಂತೆ, ಹೊಸದು ತಂದಿಟ್ಟುಕೊಂಡಿದ್ದಾನೆ. ಅಲ್ಲಿ ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ. ಕೈಪಿಡಿಯಲ್ಲಿ ಬ್ಯಾರೆಲ್ ನಟ್ಟನ್ನು 30ರಿಂದ 80 ಅಡಿ-ಪೌಂಡ್ ಬಿಗಿ ಮಾಡಿ ಅಂತ ಬರೆದಿದೆ. ನಾನು ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಹೆಚ್ಚುಕಮ್ಮಿ ಎರಡೂಮುಕ್ಕಾಲು ಪಟ್ಟು ವ್ಯತ್ಯಾಸ ಕೊಟ್ಟರೆ ಅದೆಂಥ ಅಳತೆ? ಫೋನಿನಲ್ಲಿ ಮಗ ಕೇಳಿದ, ನನಗೆ ಹೇಳಲು ಆಗಲಿಲ್ಲ.
— ಒಬ್ಬ ತಂದೆ, ವಿಜಯನಗರ

ಉತ್ತರ: ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. 30 ಅಂದರೆ ಶುರು. ಅಲ್ಲಿಗಿಂತ ಕಡಿಮೆ ಇರಬಾರದು. 80 ಅಂದರೆ ಗೋಡೆ. ಅದನ್ನು ದಾಟಬಾರದು. ನಿಮ್ಮ ಮಗ ನಿಲ್ಲಬೇಕಾದ ಜಾಗ ಎರಡರ ನಡುವೆ ಎಲ್ಲೋ ಇರುತ್ತದೆ. ಆ ಜಾಗವನ್ನು ಟಾರ್ಕ್ (ತಿರುಗಿಸುವ ಬಲ) ಅಳೆಯುವ ಟಾರ್ಕ್ ರೆಂಚ್ ತೋರಿಸುವುದಿಲ್ಲ, ನಟ್ಟಿನ ಹಲ್ಲು ತೋರಿಸುತ್ತದೆ.

ಹೇಗೆ ಅಂತೀರಾ? ಆ ರೈಫಲ್‌ನ ಮೇಲಿನ ಮೈ ಅಲ್ಯೂಮಿನಿಯಂ. ಬ್ಯಾರೆಲ್ ಉಕ್ಕು. ಬ್ಯಾರೆಲ್‌ನ ಹಿಂಬದಿ ಒಂದು ಕಾಲರ್ ಇದೆ. ಅದು ಅಲ್ಯೂಮಿನಿಯಂ ಮೈಯ ಮುಖಕ್ಕೆ ಕೂರುತ್ತದೆ. ಬ್ಯಾರೆಲ್ ಸುತ್ತ ತಿರುಗದಿರಲಿ ಅಂತ ಒಂದು ಸಣ್ಣ ಪಿನ್ನು ಮೈಯಲ್ಲಿರುವ ಕಚ್ಚಿಗೆ ಇಳಿಯುತ್ತದೆ. ಅದರ ಮೇಲೆ ನಟ್ಟು ಬಂದು, ಮೈಯ ಹೊರಗಿನ ಥ್ರೆಡ್‌ಗೆ ಸುತ್ತಿಕೊಂಡು, ಕಾಲರನ್ನು ಹಿಂದಕ್ಕೆ ಅದುಮಿ ಹಿಡಿಯುತ್ತದೆ. ಇಷ್ಟೇ ಆಗಿದ್ದರೆ ಒಂದೇ ಅಂಕಿ ಕೊಟ್ಟು ಮುಗಿಸಬಹುದಿತ್ತು. ಆದರೆ ಬ್ಯಾರೆಲ್‌ನಿಂದ ಹಿಂದಕ್ಕೆ ಗ್ಯಾಸ್ ತರುವ ಸಣ್ಣ ಕೊಳವೆ ಈ ನಟ್ಟಿನ ಅಂಚಿನ ಹಲ್ಲುಗಳ ಸಂದಿಯಲ್ಲೇ ತೂರಿಕೊಂಡು ಮೈಯ ಒಳಗೆ ಹೋಗಬೇಕು. ಸಂದಿಯೂ ಮೈಯ ತೂತೂ ಒಂದೇ ಸಾಲಿಗೆ ಬರಬೇಕು. ಎಲ್ಲ ರೈಫಲ್‌ನಲ್ಲೂ ಥ್ರೆಡ್ ಒಂದೇ ಜಾಗದಲ್ಲಿ ಶುರುವಾಗುವುದಿಲ್ಲ. ಒಂದರಲ್ಲಿ 35ಕ್ಕೆ ಸಾಲು ಕೂಡಬಹುದು, ಇನ್ನೊಂದರಲ್ಲಿ 60ಕ್ಕೆ. ಅದಕ್ಕೇ ಅಷ್ಟು ಅಗಲದ ಅಳತೆ ಕೊಟ್ಟಿದ್ದಾರೆ. ಅಳತೆ ಗೊತ್ತಿಲ್ಲದೆ ಕೊಟ್ಟಿದ್ದಲ್ಲ.

ಈಗ ಕೆಲಸದ ಕ್ರಮ. ಇದು ಅಮೆರಿಕದ ಸೈನ್ಯದ ಕೈಪಿಡಿಯಲ್ಲಿರುವ ಕ್ರಮ, ನನಗೆ ಬಹಳ ಸರಿ ಅನ್ನಿಸುವುದು. ಎಲ್ಲಕ್ಕಿಂತ ಮೊದಲು ರೈಫಲ್ ಖಾಲಿ ಇದೆಯೇ ನೋಡಬೇಕು. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಬೇಕು. ಇದನ್ನು ಎರಡು ಸಲ ನೋಡಲು ಹೇಳಿ. ಆಮೇಲೆ ಥ್ರೆಡ್‌ಗೆ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಗ್ರೀಸ್ ತೆಳ್ಳಗೆ ಸವರಬೇಕು. ಗ್ರಾಫೈಟ್ ಇರುವ ಗ್ರೀಸ್ ಬೇಡ. ಅಲ್ಯೂಮಿನಿಯಂ ಪಕ್ಕ ಗ್ರಾಫೈಟ್ ಇದ್ದು, ಒಂದಿಷ್ಟು ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಟ್ಟನ್ನು ಕೈಯಲ್ಲಿ ಸುತ್ತಿ, 30ಕ್ಕೆ ಬಿಗಿ ಮಾಡಿ, ಬಿಚ್ಚಬೇಕು. ಮತ್ತೆ 30, ಮತ್ತೆ ಬಿಚ್ಚು. ಮೂರನೇ ಸಲ 30ಕ್ಕೆ ಬಿಗಿ ಮಾಡಿ ಹಾಗೇ ಬಿಡಬೇಕು. ಅಲ್ಲಿಂದ ಮುಂದಿನ ಸಂದಿ ಸಾಲಿಗೆ ಬರುವವರೆಗೆ ಮಾತ್ರ ಮುಂದಕ್ಕೆ ತಿರುಗಿಸಬೇಕು. 80ರೊಳಗೆ ಸಾಲು ಕೂಡಲೇಬೇಕು.

ಸಾಲಿಗೆ ಬರಲಿ ಅಂತ ನಟ್ಟನ್ನು ಹಿಂದಕ್ಕೆ ತಿರುಗಿಸಿ ಬಿಡುವುದು ಮಾತ್ರ ಬೇಡ. ಈ ಮಾತನ್ನು ಒತ್ತಿ ಹೇಳಿ. ಕೂದಲೆಳೆಯಷ್ಟು ಮುಂದೆ ಹೋಗಿದೆ, ಸ್ವಲ್ಪ ಹಿಂದೆ ತಂದರೆ ಸರಿಹೋಗುತ್ತೆ ಅಲ್ವಾ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಿಂದಕ್ಕೆ ಬಂದ ನಟ್ಟಿನಲ್ಲಿ ಎಷ್ಟು ಬಿಗಿ ಉಳಿದಿದೆ ಅಂತ ಯಾವ ರೆಂಚೂ ಹೇಳಲಾರದು.

ಮೂರು ಸಲ ಯಾಕೆ? ನೀವು ಲೇತ್ ಮೇಲೆ ಥ್ರೆಡ್ ಕಡಿದವರು, ನಿಮಗೆ ಬೇಗ ಅರ್ಥವಾಗುತ್ತದೆ. ಹೊಸ ಥ್ರೆಡ್‌ನ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸಣ್ಣ ಸಣ್ಣ ಏರು ಇರುತ್ತವೆ. ಮೊದಲ ಸಲ ಬಿಗಿ ಮಾಡುವಾಗ ನಮ್ಮ ಕಸುವು ಆ ಏರುಗಳನ್ನು ತಟ್ಟುವುದಕ್ಕೇ ಹೋಗುತ್ತದೆ. ರೆಂಚ್ 30 ಅನ್ನುತ್ತದೆ, ಒಳಗೆ ಹಿಡಿತ ಅಷ್ಟು ಬಂದಿರುವುದಿಲ್ಲ. ಎರಡನೇ ಸಲ, ಮೂರನೇ ಸಲ ಮಾಡುವಾಗ ಏರುಗಳು ಕೂತಿರುತ್ತವೆ, ಗ್ರೀಸ್ ಹರಡಿರುತ್ತದೆ. ಆಗ ಬರುವ 30 ನಂಬಬಹುದಾದ 30.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಇಪ್ಪತ್ತಾರು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಹೇಳಿಕೊಟ್ಟಿದ್ದೇನೆ. ಅಷ್ಟು ವರ್ಷವೂ ಹೇಳಿದ್ದು ಇದೊಂದೇ ಮಾತು: ಟಾರ್ಕ್ ಬೇರೆ, ಹಿಡಿತ ಬೇರೆ. ನಮಗೆ ಬೇಕಾದದ್ದು ಹಿಡಿತ. ಅದನ್ನು ನೇರವಾಗಿ ಅಳೆಯುವುದು ಕಷ್ಟ, ಅದಕ್ಕೇ ಟಾರ್ಕ್ ಅಳೆಯುತ್ತೇವೆ. ಒಂದು ಮಾಮೂಲಿ ಬೋಲ್ಟ್ ಬಿಗಿ ಮಾಡುವಾಗ ನೀವು ಹಾಕಿದ ಹತ್ತು ಪಾಲಿನಲ್ಲಿ ಸುಮಾರು ಐದು ಪಾಲು ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ನಾಲ್ಕು ಪಾಲು ಥ್ರೆಡ್‌ನ ಉಜ್ಜಾಟಕ್ಕೆ. ಬೋಲ್ಟನ್ನು ಎಳೆದು ಹಿಡಿತ ಕೊಡಲು ಉಳಿಯುವುದು ಒಂದೇ ಪಾಲು. ಆದ್ದರಿಂದ ಉಜ್ಜಾಟ ಒಂಚೂರು ಬದಲಾದರೂ ಆ ಕೊನೆಯ ಪಾಲು ಬಹಳ ಬದಲಾಗುತ್ತದೆ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಕೈಯಲ್ಲೇ ಕಲಿತೆ. 1983ರಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಒಂದು ಗೇರ್ ಪೆಟ್ಟಿಗೆಯ ಮುಚ್ಚಳಕ್ಕೆ 12 ಮಿ.ಮೀ. ಸ್ಟಡ್‌ಗಳು, ಅಂದರೆ ತಲೆ ಇಲ್ಲದ ಬೋಲ್ಟ್‌ಗಳು. ಹಾಳೆಯಲ್ಲಿ ಬರೆದಿದ್ದ ಟಾರ್ಕ್ ಒಣ ಥ್ರೆಡ್‌ಗೆ. ನಾನು ಒಳ್ಳೆಯದಾಗಲಿ ಅಂತ ಎಲ್ಲಕ್ಕೂ ಎಣ್ಣೆ ಬಿಟ್ಟೆ. ರೆಂಚ್ ಅದೇ ಅಂಕಿಗೇ ಕ್ಲಿಕ್ ಅಂತು. ಆರನೇ ಸ್ಟಡ್ಡು ಕೈಯಲ್ಲಿ ಮೆತ್ತಗೆ ತಿರುಗಿದ ಹಾಗಾಯಿತು. ಆ ಮೆತ್ತಗಿನ ಅನುಭವ ಇಂದಿಗೂ ನನ್ನ ಅಂಗೈಯಲ್ಲಿದೆ. ಮರುಕ್ಷಣ ಅದು ಕತ್ತರಿಸಿ ಬಂತು. ಒಣ ಉಕ್ಕಿಗೆ ಟಾರ್ಕ್ ಲೆಕ್ಕದಲ್ಲಿ ಹಿಡಿಯುವ ಗುಣಕ ಸುಮಾರು 0.2. ಎಣ್ಣೆ ಹಾಕಿದರೆ ಸುಮಾರು 0.15. ಅಂದರೆ ಅದೇ ಟಾರ್ಕ್‌ಗೆ ಸ್ಟಡ್ ಮೇಲೆ ಬೀಳುವ ಎಳೆತ ಮೂರನೇ ಒಂದು ಪಾಲು ಜಾಸ್ತಿ. ಮುರಿದ ತುಂಡನ್ನು ಹೊರಗೆ ತೆಗೆಯಲು ಇಡೀ ಮಧ್ಯಾಹ್ನ ಹೋಯಿತು. ನನ್ನ ಜೊತೆ ನಿಂತು ತೆಗೆಸಿದ ಹಿರಿಯ ಫಿಟ್ಟರ್ ಒಂದು ಮಾತೂ ಬೈಯಲಿಲ್ಲ. 'ಹಾಳೆಯಲ್ಲಿ ಅಂಕಿ ಓದಿದೆ, ಅದರ ಪಕ್ಕ ಏನಿತ್ತು ಓದಿದೆಯಾ?' ಅಂದರು ಅಷ್ಟೇ.

ಆದ್ದರಿಂದ ನಿಮ್ಮ ಮಗನಿಗೆ ಹೇಳಿ: 30 ಅನ್ನುವುದು ಆ ಗ್ರೀಸ್ ಸವರಿದ ಥ್ರೆಡ್‌ನ 30. ಒಣ ಥ್ರೆಡ್‌ಗೆ ಹಾಕಿದರೆ ಹಿಡಿತ ಸಾಲದು. ಜೊತೆಗೆ ಅಲ್ಯೂಮಿನಿಯಂ ಥ್ರೆಡ್ ಒಣಗಿದ್ದರೆ ಕಚ್ಚಿಕೊಂಡು ಕಿತ್ತುಬರುತ್ತದೆ. ಇನ್ನೊಂದು ವಿಷಯ. ಬ್ಯಾರೆಲ್ ಸುತ್ತಲಿನ ಕೈಹಿಡಿಯನ್ನೂ ಬದಲಿಸಿದ್ದರೆ ಅದರ ಜೊತೆ ಬೇರೆಯದೇ ನಟ್ಟು ಬಂದಿರುತ್ತದೆ. ಅದಕ್ಕೆ ಅದನ್ನು ಮಾಡಿದವರು ಕೊಟ್ಟ ಅಂಕಿಯೇ ಸರಿ, 30-80 ಅಲ್ಲ. ಕೆಲವು ನಟ್ಟುಗಳಲ್ಲಿ ಸಾಲು ಕೂಡಿಸಲು ಶಿಮ್ ಅನ್ನುವ ತೆಳ್ಳಗಿನ ಬಳೆ ಕೊಟ್ಟಿರುತ್ತಾರೆ.

ಅಂಕಿಯ ಅಂದಾಜು ಸಿಗಲಿ ಅಂತ ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. 1 ಅಡಿ-ಪೌಂಡ್ ಅಂದರೆ 1.356 ನ್ಯೂಟನ್ ಮೀಟರ್. 30 ಅಂದರೆ ಸುಮಾರು 41 ನ್ಯೂಟನ್ ಮೀಟರ್, 80 ಅಂದರೆ ಸುಮಾರು 108. 40 ಸೆಂ.ಮೀ. ಉದ್ದದ ಸ್ಪ್ಯಾನರನ್ನು ಅಡ್ಡಕ್ಕೆ ಹಿಡಿದು, ತುದಿಗೆ 10 ಕೆ.ಜಿ. ಅಕ್ಕಿ ಚೀಲ ತೂಗುಹಾಕಿದರೆ ಹತ್ತಿರ ಹತ್ತಿರ 30. ಅದೇ ಜಾಗಕ್ಕೆ 28 ಕೆ.ಜಿ. ತೂಗುಹಾಕಿದರೆ 80. 30 ನಿಮ್ಮಂಥವರ ಕೈಗೆ ಏನೂ ಅಲ್ಲ. ಅದಕ್ಕೇ ಕೈಯಂದಾಜು ಬೇಡ ಅನ್ನುತ್ತೇನೆ. ಅಭ್ಯಾಸದ ಕೈ ಗೊತ್ತಾಗದೆ ಜಾಸ್ತಿ ಹೋಗುತ್ತದೆ.

ಈ ನಟ್ಟಿಗೆ ಮಾಮೂಲಿ ಸಾಕೆಟ್ ಕೂರುವುದಿಲ್ಲ. ಹಲ್ಲಿರುವ ಪಟ್ಟಿಯಂಥ ಒಂದು ರೆಂಚನ್ನು ಟಾರ್ಕ್ ರೆಂಚಿನ ಮುಂದೆ ಸಿಕ್ಕಿಸುತ್ತಾರೆ. ಅದರಿಂದ ತೋಳು ಉದ್ದವಾಗುತ್ತದೆ, ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಟಾರ್ಕ್ ನಟ್ಟಿಗೆ ಬೀಳುತ್ತದೆ. ಲೆಕ್ಕ ಸುಲಭ. ರೆಂಚಿನ ಚೌಕದಿಂದ ಕೈ ಹಿಡಿಯುವ ಜಾಗದವರೆಗೆ 40 ಸೆಂ.ಮೀ. ಅನ್ನಿ. ಮುಂದೆ ಸೇರಿಸಿದ್ದು 5 ಸೆಂ.ಮೀ. ಬೇಕಾದ 30ನ್ನು 40ರಿಂದ ಗುಣಿಸಿ 45ರಿಂದ ಭಾಗಿಸಿದರೆ 26.7. ರೆಂಚನ್ನು ಆ ಅಂಕಿಗೆ ಇಡಬೇಕು. ಮುಂದಿನ ತುಂಡನ್ನು ನೇರವಾಗಿ ಸೇರಿಸದೆ 90 ಡಿಗ್ರಿ ಅಡ್ಡಕ್ಕೆ ಸಿಕ್ಕಿಸಿದರೆ ಈ ಲೆಕ್ಕವೇ ಬೇಡ, 30 ಅಂದರೆ 30. ನಾನಾದರೆ ಅಡ್ಡಕ್ಕೇ ಸಿಕ್ಕಿಸುತ್ತೇನೆ.

ವೈಸ್‌ಗೆ ಕೊಡುವಾಗ ಬ್ಯಾರೆಲನ್ನು ಕಚ್ಚಿಸಿ ನಟ್ಟು ತಿರುಗಿಸಬಾರದು. ಅಷ್ಟೂ ತಿರುಚು ಆ ಸಣ್ಣ ಪಿನ್ನಿನ ಮೇಲೆ ಬಿದ್ದು, ಅಲ್ಯೂಮಿನಿಯಂ ಕಚ್ಚು ಅಗಲವಾಗುತ್ತದೆ. ಮೈಯನ್ನು ಸುತ್ತಲೂ ಆತು ಹಿಡಿಯುವ ಅಚ್ಚು ಸಿಗುತ್ತದೆ, ಅದರಲ್ಲಿ ಹಿಡಿಸಬೇಕು. ಎಲ್ಲ ಮುಗಿದ ಮೇಲೆ ಗ್ಯಾಸ್ ಕೊಳವೆ ನಟ್ಟಿನ ಸಂದಿಗೆ ಎಲ್ಲೂ ತಾಗದೆ ಹೋಗುತ್ತಿದೆಯೇ ನೋಡಲಿ. ಕೊನೆಗೆ ನಟ್ಟಿನಿಂದ ಮೈಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಲಿ. ಗೆರೆ ಮುರಿದರೆ ನಟ್ಟು ಕದಲಿದೆ ಅಂತ ಲೆಕ್ಕ.

ಒಂದು ಎಚ್ಚರಿಕೆ. 'ಬ್ಯಾರೆಲ್ ನಟ್' ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ನಿಮ್ಮ ಮಗನ ರೈಫಲ್‌ನಲ್ಲಿ ಬೋಲ್ಟ್ (ಇಲ್ಲಿ ಸ್ಕ್ರೂ ಅಲ್ಲ, ಗುಂಡಿನ ಹಿಂದೆ ಬಾಗಿಲಿನಂತೆ ಮುಚ್ಚುವ ತುಂಡು) ಹೋಗಿ ಕಚ್ಚಿಕೊಳ್ಳುವುದು ಬ್ಯಾರೆಲ್‌ಗೆ ಮೊದಲೇ ಸೇರಿಸಿರುವ ತುಂಡಿಗೆ. ಆದ್ದರಿಂದ ಗುಂಡು ಕೂರುವ ಆಳವನ್ನು ನಟ್ಟು ಬದಲಿಸುವುದಿಲ್ಲ. ಆದರೆ 1958ರಲ್ಲಿ ಬಂದ ಸ್ಯಾವೇಜ್ 110ರಂಥ ಬೋಲ್ಟ್ ರೈಫಲ್‌ಗಳಲ್ಲಿ ಬ್ಯಾರೆಲ್ ನೇರವಾಗಿ ಮೈಗೆ ಸುತ್ತಿಕೊಳ್ಳುತ್ತದೆ. ಎಷ್ಟು ಒಳಗೆ ಸುತ್ತಿದ್ದೀರೋ ಅದೇ ಆ ಆಳ. ನಟ್ಟು ಅಲ್ಲಿ ನಮ್ಮ ಚೆಕ್ ನಟ್ ಇದ್ದ ಹಾಗೆ, ಕೂತ ಜಾಗದಲ್ಲಿ ಬ್ಯಾರೆಲನ್ನು ಬೀಗ ಹಾಕುತ್ತದೆ. ಅಲ್ಲಿ ಆ ಆಳ ಸರಿಯಿದೆಯೇ ಅಂತ ತೋರಿಸುವ ಗೋ, ನೋ-ಗೋ ಗೇಜ್ ಹಾಕಿ ನೋಡದೆ ನಟ್ಟು ಮುಟ್ಟುವುದು ಜೀವಕ್ಕೇ ಅಪಾಯ. ನಿಮ್ಮ ಮಗನೂ ಹೊಸ ಬ್ಯಾರೆಲ್‌ಗೆ ಅದೇ ಗೇಜ್ ಹಾಕಿ ನೋಡಿದ ಮೇಲೆಯೇ ಗುಂಡು ಹಾಕಲಿ. ಗೇಜ್ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. ನೀವೇ ಅವನಿಗೆ ಹೇಳಿ.

ಇದನ್ನು ಓದುವ ನಮ್ಮೂರಿನವರಿಗೆ: ಮೇಲೆ ಹೇಳಿದ್ದೆಲ್ಲ ಅಮೆರಿಕದ ಮನೆಯ ಮಾತು. ನಮ್ಮ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ಮಾಡುವುದಕ್ಕಷ್ಟೇ ಅಲ್ಲ, ರಿಪೇರಿಗೂ ಪರೀಕ್ಷೆಗೂ ಬೇರೆ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲಿ ಬ್ಯಾರೆಲ್ ಬಿಚ್ಚುವ ಹಾಗಿಲ್ಲ. ಲೈಸೆನ್ಸ್ ಇರುವ ರಿಪೇರಿ ಅಂಗಡಿಗೇ ಕೊಡಿ.

ಪ್ರಶ್ನೆ: ಸರ್, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಎರಡು ವರ್ಷದಿಂದ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ತಿಂಗಳು ಶುಚಿ ಮಾಡಲು ರೈಫಲ್‌ನ ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿಯ ಭಾಗ) ಬಿಚ್ಚಿ, ಎರಡು ಸ್ಕ್ರೂ ಮತ್ತೆ ಹಾಕಿದೆವು. ಅಂದಿನಿಂದ ಗುರಿ ಕದಲಿದೆ ಅನ್ನುತ್ತಾಳೆ. ಸ್ಕ್ರೂ ಬಿಗಿಯಾಗೇ ಇದೆ. ಅವಳ ಮನಸ್ಸಿನ ಭಯವೇ?
— ಗೃಹಿಣಿ, ಕೆಂಗೇರಿ ಉಪನಗರ

ಉತ್ತರ: ಭಯ ಅಲ್ಲಮ್ಮ. ಮಗಳು ಹೇಳುತ್ತಿರುವುದು ನಿಜ. ಆ ಆಟದ ಗುರಿ ಹಾಳೆಯಲ್ಲಿ 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಗುಂಡಿನ ಅಗಲವೇ 4.5 ಮಿ.ಮೀ. ಅಷ್ಟು ಸಣ್ಣ ಗುರಿಗೆ ಹೊಡೆಯುವವರಿಗೆ ಸ್ಕ್ರೂ ಬಿಗಿಯಲ್ಲಿ ಆದ ಬದಲಾವಣೆ ಕಾಣಿಸಿಯೇ ಕಾಣಿಸುತ್ತದೆ.

ಸ್ಕ್ರೂ ಬಿಗಿಯಾಗಿರುವುದು ಮುಖ್ಯ ಅಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಇರುವುದು ಮುಖ್ಯ. ಮುಂದಿನ ಸ್ಕ್ರೂ ಜಾಸ್ತಿ, ಹಿಂದಿನದು ಕಡಿಮೆ ಆದರೆ ರೈಫಲ್‌ನ ಉಕ್ಕಿನ ಭಾಗ ಸ್ಟಾಕ್‌ನಲ್ಲಿ ಬೇರೆ ಥರ ಕೂರುತ್ತದೆ. ಒಂಚೂರು ಬಾಗಲೂಬಹುದು. ಕಣ್ಣಿಗೆ ಕಾಣುವಷ್ಟಲ್ಲ, ಹಾಳೆಗೆ ಕಾಣುವಷ್ಟು.

ಮಾಡುವುದು ಇಷ್ಟು. ಆ ರೈಫಲ್‌ನ ಕೈಪಿಡಿಯಲ್ಲಿ ಸ್ಟಾಕ್ ಸ್ಕ್ರೂಗೆ ಎಷ್ಟು ನ್ಯೂಟನ್ ಮೀಟರ್ ಅಂತ ಕೊಟ್ಟಿರುತ್ತಾರೆ, ಹುಡುಕಿ. ಇದು ಕೆಲವೇ ನ್ಯೂಟನ್ ಮೀಟರ್‌ಗಳ ಕೆಲಸ. ಕಾರಿನ ಚಕ್ರಕ್ಕೆ ಬಳಸುವ ಟಾರ್ಕ್ ರೆಂಚ್ ಇಲ್ಲಿ ಬೇಡವೇ ಬೇಡ. 1ರಿಂದ 6 ನ್ಯೂಟನ್ ಮೀಟರ್‌ವರೆಗಿನ ಟಾರ್ಕ್ ಸ್ಕ್ರೂಡ್ರೈವರ್ ಬರುತ್ತದೆ. ಕಾರ್ಬನ್ ಸೈಕಲ್ ಇಟ್ಟುಕೊಂಡವರ ಹತ್ತಿರವೂ ಇರುತ್ತದೆ. ಎರಡೂ ಸ್ಕ್ರೂ ಬೆರಳಲ್ಲಿ ಕೂರಿಸಿ. ರೈಫಲನ್ನು ನೆಟ್ಟಗೆ ನಿಲ್ಲಿಸಿ, ಉಕ್ಕಿನ ಭಾಗ ಸ್ಟಾಕ್‌ಗೆ ಹಿಂದಕ್ಕೆ ಆತು ಕೂರಲಿ. ಮುಂದಿನದು ಅರ್ಧ ಅಳತೆ, ಹಿಂದಿನದು ಅರ್ಧ ಅಳತೆ, ಆಮೇಲೆ ಮುಂದಿನದು ಪೂರ್ತಿ, ಹಿಂದಿನದು ಪೂರ್ತಿ. ಇದೇ ಕ್ರಮದಲ್ಲಿ ಪ್ರತಿ ಸಲವೂ ಮಾಡಿ. ಅಂಕಿ ಮತ್ತು ತಾರೀಕನ್ನು ಮಗಳು ತನ್ನ ಅಭ್ಯಾಸದ ನೋಟ್‌ಬುಕ್‌ನಲ್ಲಿ ಬರೆದಿಡಲಿ. ಆಮೇಲೆ ಸೈಟ್ ಹೊಸದಾಗಿ ಹೊಂದಿಸಿಕೊಂಡರೆ ಆಯಿತು.

ನಿಮ್ಮ ಮಗಳ ಕಿವಿ, ಕಣ್ಣು ಎರಡೂ ಚೆನ್ನಾಗಿವೆ ಅಂತ ಈ ಪತ್ರದಿಂದಲೇ ಗೊತ್ತಾಗುತ್ತದೆ. ಮುಂದೆಯೂ ಅವಳು 'ಏನೋ ಬದಲಾಗಿದೆ' ಅಂದರೆ ಮೊದಲು ಸ್ಕ್ರೂ ನೋಡಿ.

ಪ್ರಶ್ನೆ: ಸ್ಕೂಟರಿನ ಸ್ಪಾರ್ಕ್ ಪ್ಲಗ್ ನಾನೇ ಬದಲಿಸುತ್ತೇನೆ. ಟಾರ್ಕ್ ರೆಂಚ್ ಇಲ್ಲ. ಎಷ್ಟು ತಿರುಗಿಸಬೇಕು?
— ಡೆಲಿವರಿ ಕೆಲಸದ ಹುಡುಗ, ಬನಶಂಕರಿ

ಉತ್ತರ: ಎಂಜಿನ್ ತಣ್ಣಗಿರಲಿ. ಪ್ಲಗ್ಗನ್ನು ಕೊನೆಯವರೆಗೂ ಬೆರಳಲ್ಲೇ ತಿರುಗಿಸು. ಮಧ್ಯೆ ಬಿಗಿಯಾದರೆ ಥ್ರೆಡ್ ಓರೆ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕು. ಹೊಸ ಪ್ಲಗ್ ಆದರೆ ಬೆರಳು ನಿಂತ ಮೇಲೆ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಅದರ ವಾಷರ್ ಚಪ್ಪಟೆಯಾಗಲು ಅಷ್ಟು ಬೇಕು. ಹಳೆ ಪ್ಲಗ್ಗನ್ನೇ ಮತ್ತೆ ಹಾಕಿದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಸುತ್ತು ಸಾಕು. ಗಡಿಯಾರದ ಮುಳ್ಳು ಒಂದು ಗಂಟೆ ದಾಟಿದಷ್ಟು. ಈಗಿನ ಬಹಳಷ್ಟು ಸಣ್ಣ ಎಂಜಿನ್‌ಗಳಲ್ಲಿ ಪ್ಲಗ್ಗಿನ ಥ್ರೆಡ್ 10 ಮಿ.ಮೀ. ಅದು ತಡೆಯುವುದು 10ರಿಂದ 12 ನ್ಯೂಟನ್ ಮೀಟರ್. ಥ್ರೆಡ್‌ಗೆ ಗ್ರೀಸ್ ಹಾಕಬೇಡ. ಯಾಕೆ ಅಂತ ಮೇಲಿನ ನನ್ನ ಸ್ಟಡ್ಡಿನ ಕತೆ ಓದು.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಕ್ಲಿಕ್ ಆಗುವ ಟಾರ್ಕ್ ರೆಂಚ್ ಕೊಂಡೆ, 20ರಿಂದ 200 ನ್ಯೂಟನ್ ಮೀಟರ್‌ನದು. ಒಂದರಲ್ಲೇ ಎಲ್ಲ ಕೆಲಸ ಆಗುತ್ತದೆಯೇ? ಹೇಗೆ ಇಟ್ಟುಕೊಳ್ಳಬೇಕು?
— ಗ್ಯಾರೇಜ್ ಮಾಲೀಕ, ಮಾಗಡಿ ರಸ್ತೆ

ಉತ್ತರ: ಎಲ್ಲ ಕೆಲಸ ಆಗುವುದಿಲ್ಲ. ಅಳತೆಯ ತೀರಾ ಕೆಳಗಿನ ತುದಿಯಲ್ಲಿ ಈ ರೆಂಚ್‌ಗಳನ್ನು ನಾನು ನಂಬುವುದಿಲ್ಲ. ನಿಮ್ಮದು 40ರಿಂದ ಮೇಲಿನ ಕೆಲಸಕ್ಕೆ ಚೆನ್ನಾಗಿದೆ. ಸಣ್ಣ ಬೋಲ್ಟ್‌ಗಳಿಗೆ ಇನ್ನೊಂದು ಸಣ್ಣ ರೆಂಚ್ ಬೇಕು.

ಹಿಡಿಯ ಮಧ್ಯದಲ್ಲೇ ಹಿಡಿದು, ಒಂದೇ ಸಮನೆ ನಿಧಾನವಾಗಿ ಎಳೆಯಿರಿ. ಒಂದು ಸಲ ಕ್ಲಿಕ್ ಅಂದರೆ ಮುಗಿಯಿತು. ಬಹಳ ಜನ ಖಾತ್ರಿಗೆ ಅಂತ ಎರಡು, ಮೂರು ಸಲ ಕ್ಲಿಕ್ ಮಾಡಿಸುತ್ತಾರೆ. ಪ್ರತಿ ಸಲವೂ ಬೋಲ್ಟ್ ಸ್ವಲ್ಪ ಮುಂದೆ ಹೋಗಬಹುದು. ಕ್ಲಿಕ್ ಆದ ಮೇಲೂ ಎಳೆಯುತ್ತಾ ಹೋದರೆ ರೆಂಚ್ ತಡೆಯುವುದಿಲ್ಲ, ಅದು ಹೇಳುತ್ತದೆ ಅಷ್ಟೇ. ಹಿಡಿಗೆ ಪೈಪ್ ಸೇರಿಸಬೇಡಿ. ಜಾಮ್ ಆದ ನಟ್ಟು ಬಿಚ್ಚಲು ಬಳಸಬೇಡಿ, ಅದಕ್ಕೆ ಬ್ರೇಕರ್ ಬಾರ್ ಅನ್ನುವ ಉದ್ದ ಹಿಡಿಯ ಸಲಕರಣೆ ಇದೆ. ಸಂಜೆ ಅಂಗಡಿ ಮುಚ್ಚುವಾಗ ಅಂಕಿಯನ್ನು ಕೆಳಗಿನ 20ಕ್ಕೆ ಇಳಿಸಿ ಪೆಟ್ಟಿಗೆಯಲ್ಲಿಡಿ. ಬಿಗಿಯಾಗೇ ಬಿಟ್ಟರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. 20ಕ್ಕಿಂತ ಕೆಳಗೂ ಬಿಚ್ಚಬೇಡಿ.

ಕೆಳಗೆ ಬಿದ್ದ ರೆಂಚನ್ನು ಕ್ಯಾಲಿಬ್ರೇಷನ್ (ಅಂಕಿ ಸರಿಯಿದೆಯೇ ಅನ್ನುವ ಪರೀಕ್ಷೆ) ಮಾಡಿಸುವವರೆಗೆ ನಂಬಬೇಡಿ. ಬೀಳದಿದ್ದರೂ ವರ್ಷಕ್ಕೊಮ್ಮೆ, ಅಥವಾ 5,000 ಸಲ ಕ್ಲಿಕ್ ಆದ ಮೇಲೆ, ಯಾವುದು ಮೊದಲೋ ಆಗ ಕ್ಯಾಲಿಬ್ರೇಷನ್ ಮಾಡಿಸಿ. ಪೀಣ್ಯದ ಕಡೆ ಎನ್‌ಎಬಿಎಲ್ (ಪರೀಕ್ಷಾ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಳಿವೆ. ಮಾಗಡಿ ರಸ್ತೆಯಿಂದ ನಿಮಗೆ ದೂರವೇನೂ ಅಲ್ಲ. ರೆಂಚ್ ತೋರಿಸಿದ ಅಂಕಿ ಎಷ್ಟು, ನಿಜವಾಗಿ ಬಂದದ್ದು ಎಷ್ಟು ಅಂತ ಒಂದು ಹಾಳೆ ಕೊಡುತ್ತಾರೆ. ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ಕೆಲಸದ ಹುಡುಗರು ಬಳಸುವ ಮುಂಚೆ ಅದನ್ನು ಓದಲಿ.